ಕಾಯುವ ಹೊತ್ತಿನಲ್ಲಿ ಕಂಡ ಊರು

ಪರನಾಡಿನ ದೊಡ್ಡ ನಗರವೊಂದನ್ನು ಒಬ್ಬಂಟಿ ಪ್ರವಾಸಿಯು ಯಾವ ಮುನ್ಯೋಜನೆಯೂ ಇಲ್ಲದೆ ಸುತ್ತಾಡಿ ಕಂಡದ್ದಕ್ಕೆ ಚರಿತ್ರೆಯಲ್ಲಿ ಏನು ಬೆಲೆಯಿದೆ ಎಂಬ ಪ್ರಶ್ನೆಗೆ ಕರ್ನಾಟಕದ ಎರಡು ಹಳೆಯ ರಾಜಧಾನಿಗಳಾದ ಬೀದರ ಮತ್ತು ಇಕ್ಕೇರಿಗಳು ಸ್ಪಷ್ಟವಾದ ಉತ್ತರವನ್ನು ಕೊಡುತ್ತವೆ. ಶಾಸನಗಳು ದಾನವನ್ನೂ ಗೆಲುವನ್ನೂ ದಾಖಲಿಸುತ್ತವೆ, ಆಸ್ಥಾನದ ಕವಿಗಳು ಅರಸನ ವಂಶವನ್ನು ಹೊಗಳುತ್ತಾರೆ, ರಾಜತಾಂತ್ರಿಕ ಅತಿಥಿಗಳು ತಮಗೆ ತೋರಿಸಿದ್ದನ್ನು ಬರೆದಿಡುತ್ತಾರೆ. ಆದರೆ ಬೀದಿಯಲ್ಲಿ ಹುಡುಗಿಯರು ಏನು ಹಾಡುತ್ತಿದ್ದರು, ಮಕ್ಕಳು ಲೆಕ್ಕವನ್ನು ಹೇಗೆ ಕಲಿಯುತ್ತಿದ್ದರು, ಕುದುರೆಗೆ ಏನು ತಿನ್ನಿಸುತ್ತಿದ್ದರು, ರಾತ್ರಿಯ ಹೊತ್ತು ಊರನ್ನು ಯಾರು ಕಾಯುತ್ತಿದ್ದರು ಎಂಬುದನ್ನು ಬರೆಯಬೇಕೆಂದು ಆ ಮೂವರಲ್ಲಿ ಯಾರಿಗೂ ಅನ್ನಿಸುವುದಿಲ್ಲ. ಅಂಥದ್ದನ್ನು ಬರೆದವರು ಊರಿಗೆ ಹೊಸಬರಾಗಿದ್ದು, ಕೈಯಲ್ಲಿ ಸದ್ಯಕ್ಕೆ ಕೆಲಸವಿಲ್ಲದೆ, ಯಾವುದನ್ನೋ ಕಾಯುತ್ತ ದಿನ ಕಳೆಯಬೇಕಾಗಿ ಬಂದವರು.

ಕಾಯುವುದಕ್ಕೂ ನೋಡುವುದಕ್ಕೂ ಇರುವ ಈ ನಂಟು ಇಂದಿನ ಪ್ರವಾಸದಲ್ಲಿ ಕಡಿದುಹೋಗಿದೆ. ದಾಂಡೇಲಿಯ ಸಮೀಪ ಕಾಳಿ ನದಿಯ ದಂಡೆಯ ಮೇಲಿರುವ ಮೌಳಂಗಿಗೆ ಬರುವ ಪ್ರವಾಸಿಯ ದಿನಚರಿಯನ್ನು ಗಮನಿಸಿದರೆ ಇದು ಸುಲಭವಾಗಿ ತಿಳಿಯುತ್ತದೆ: ಬೆಳಿಗ್ಗೆ ಜೀಪಿನಲ್ಲಿ ಕಾಡಿನ ಸಫಾರಿ, ಆಮೇಲೆ ನದಿಯಲ್ಲಿ ರ‍್ಯಾಫ್ಟಿಂಗ್ ಅಥವಾ ದೋಣಿವಿಹಾರ, ಸಂಜೆ ರೆಸಾರ್ಟಿನಲ್ಲಿ ಬೆಂಕಿಯ ಸುತ್ತ ಕೂಟ, ಮರುದಿನ ಮಧ್ಯಾಹ್ನದೊಳಗೆ ಕೊಠಡಿ ತೆರವು. ನದಿಯ ರಭಸವೂ ಮೇಲ್ಭಾಗದ ಸೂಪಾ ಅಣೆಕಟ್ಟೆಯಿಂದ ಬಿಡುವ ನೀರನ್ನು ಅವಲಂಬಿಸಿರುವುದರಿಂದ ಅಲ್ಲಿ ನೀರಿಗೂ ಒಂದು ವೇಳಾಪಟ್ಟಿಯಿದೆ. ಇಂಥ ಪ್ರವಾಸದಲ್ಲಿ ತಪ್ಪೇನೂ ಇಲ್ಲ, ಅದರಿಂದ ಆ ಭಾಗದ ಅನೇಕ ಕುಟುಂಬಗಳ ಜೀವನ ನಡೆಯುತ್ತಿದೆ. ಆದರೂ ಹಾಗೆ ಬಂದವರು ಹೊರಡುವಾಗ ನದಿಯನ್ನು ಕಂಡಿರುತ್ತಾರೆಯೇ ಹೊರತು ನದಿಯ ದಂಡೆಯ ಊರನ್ನು ಕಂಡಿರುವುದಿಲ್ಲ. ನಾಲ್ಕೈದು ಶತಮಾನಗಳ ಹಿಂದೆ ಕನ್ನಡ ನಾಡಿಗೆ ಬಂದ ಇಬ್ಬರು ಪರದೇಶಿಗಳ ಅನುಭವ ಇದಕ್ಕೆ ತೀರ ವಿರುದ್ಧವಾಗಿತ್ತು.

ಮೊದಲನೆಯವನು ರಷ್ಯಾದ ತ್ವೇರ್ ನಗರದ ವ್ಯಾಪಾರಿ ಅಫನಾಸಿ ನಿಕಿತಿನ್. ಅವನು ಭಾರತಕ್ಕೆ ಹೊರಟವನೇ ಅಲ್ಲ. ವೋಲ್ಗಾ ನದಿಯ ಮೂಲಕ ಕ್ಯಾಸ್ಪಿಯನ್ ಕಡಲಿನ ಪಶ್ಚಿಮ ತೀರದ ಶಿರ್ವಾನ್ ದೇಶಕ್ಕೆ ಸರಕು ಒಯ್ಯುತ್ತಿದ್ದಾಗ ಅಸ್ತ್ರಾಖಾನ್ ಬಳಿ ದರೋಡೆಗೆ ಸಿಕ್ಕಿ ಎಲ್ಲವನ್ನೂ ಕಳೆದುಕೊಂಡ ಅವನೂ ಅವನ ಜೊತೆಗಾರರೂ ಊರಿಗೆ ಮರಳಲು ಶಿರ್ವಾನಿನ ದೊರೆಯನ್ನು ನೆರವು ಬೇಡಿ, ಅದು ಸಿಗದೆ, ಅಳುತ್ತ ಒಬ್ಬರಿಂದೊಬ್ಬರು ಬೇರೆಯಾದರು. ಊರಿನಲ್ಲಿ ಏನಾದರೂ ಉಳಿದಿದ್ದವರು ಊರ ದಾರಿ ಹಿಡಿದರು. ಸಾಲದ ಹೊರೆಯಿದ್ದವರು ಕಾಲು ಕರೆದೊಯ್ದತ್ತ ನಡೆದರು. ನಿಕಿತಿನ್ ಎರಡನೆಯ ಗುಂಪಿನವನು. ಪರ್ಷಿಯಾವನ್ನು ದಾಟಿ, ಹೋರ್ಮುಜಿನಿಂದ ಒಂದು ಕುದುರೆಯೊಂದಿಗೆ ಹಡಗು ಹತ್ತಿ, ಕೊಂಕಣದ ಚೌಲ್ ಬಂದರಿನಲ್ಲಿ ಇಳಿದು, ಜುನ್ನರದ ಮೂಲಕ ಅವನು ಬಹಮನಿ ಸುಲ್ತಾನರ ರಾಜಧಾನಿಯಾದ ಬೀದರನ್ನು ಸೇರಿದನು. ಅವನ ಪ್ರಯಾಣದ ವರ್ಷಗಳ ವಿಷಯದಲ್ಲಿ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯವಿದ್ದರೂ, ಅವನು ಈ ನಾಡಿನಲ್ಲಿದ್ದುದು 1469 ಮತ್ತು 1474ರ ನಡುವಣ ಕೆಲವು ವರ್ಷಗಳು ಎಂಬುದರಲ್ಲಿ ಸಂದೇಹವಿಲ್ಲ. ಅವನು ಬರೆದಿಟ್ಟ ಟಿಪ್ಪಣಿಗಳಿಗೆ ‘ಮೂರು ಕಡಲಾಚೆಯ ನಡಿಗೆ’ ಎಂಬ ಅರ್ಥದ ಹೆಸರಿದೆ. ಆ ಶೀರ್ಷಿಕೆಯಲ್ಲಿ ಬರುವ ‘ಖೊಝೆನಿಯೆ’ ಎಂಬ ಹಳೆಯ ರಷ್ಯನ್ ಪದಕ್ಕೆ ನಡೆಯುವುದು ಎಂಬುದೇ ಮೂಲಾರ್ಥ. ಪುಣ್ಯಕ್ಷೇತ್ರಗಳಿಗೆ ಹೋಗಿಬಂದವರು ಬರೆಯುತ್ತಿದ್ದ ಯಾತ್ರಾವೃತ್ತಾಂತಗಳಿಗೆ ಆ ಭಾಷೆಯಲ್ಲಿ ಆ ಹೆಸರು ಸಲ್ಲುತ್ತಿತ್ತು.

ನಿಕಿತಿನನಿಗೆ ಬೀದರಿನಲ್ಲಿ ಇದ್ದ ಒಂದೇ ಕೆಲಸವೆಂದರೆ ಕುದುರೆಯನ್ನು ಮಾರುವುದು. ದಖನ್ನಿನ ಸೈನ್ಯಗಳಿಗೆ ಬೇಕಾದ ಉತ್ತಮ ಕುದುರೆಗಳು ಇಲ್ಲಿ ಹುಟ್ಟುತ್ತಿರಲಿಲ್ಲವಾದ್ದರಿಂದ ಅರಬ್ ಮತ್ತು ಪರ್ಷಿಯಾದ ತೀರಗಳಿಂದ ಅವನ್ನು ತರಿಸಬೇಕಾಗುತ್ತಿತ್ತು; ಹಾಗಾಗಿ ಒಂದು ಕುದುರೆಯೇ ಒಬ್ಬ ಸಣ್ಣ ವ್ಯಾಪಾರಿಯ ಇಡೀ ಬಂಡವಾಳವಾಗಬಲ್ಲುದಾಗಿತ್ತು. ಜುನ್ನರದಲ್ಲಿ ಅಲ್ಲಿನ ಖಾನನು ಆ ಕುದುರೆಯನ್ನು ಕಸಿದುಕೊಂಡು, ಮತಾಂತರಗೊಂಡರೆ ಕುದುರೆಯೊಂದಿಗೆ ಸಾವಿರ ಚಿನ್ನದ ನಾಣ್ಯಗಳನ್ನೂ ಕೊಡುವುದಾಗಿ ಹೇಳಿದ್ದನು. ಖುರಾಸಾನಿನ ಒಬ್ಬ ಅಧಿಕಾರಿಯ ಮಧ್ಯಸ್ಥಿಕೆಯಿಂದ ಅದು ಅವನಿಗೆ ಮರಳಿ ಸಿಕ್ಕಿತು. ಕೊನೆಗೆ ಒಂದು ವರ್ಷದ ಕಾಲ ಸಾಕಿದ ಮೇಲೆ ಕ್ರಿಸ್ಮಸ್ ಹೊತ್ತಿಗೆ ಬೀದರಿನಲ್ಲಿ ಅದು ಮಾರಾಟವಾಯಿತು. ಕುದುರೆಗಳಿಗೆ ಇಲ್ಲಿ ಕಡಲೆಯನ್ನೂ, ಸಕ್ಕರೆ ಬೆರೆಸಿ ಬೇಯಿಸಿದ ಕಿಚಡಿಯನ್ನೂ ತಿನ್ನಿಸುತ್ತಾರೆಂದು ಅವನು ಬರೆದಿರುವುದು ಈ ದೀರ್ಘವಾದ ಕಾಯುವಿಕೆಯ ಫಲ. ಮೇವಿನ ಖರ್ಚನ್ನು ದಿನವೂ ಎಣಿಸಬೇಕಾದವನಿಗಲ್ಲದೆ ಬೇರೆ ಯಾರಿಗೆ ಈ ಸಂಗತಿ ಬರೆಯುವಷ್ಟು ದೊಡ್ಡದಾಗಿ ಕಂಡೀತು?

ಬೀದರಿನ ಕೋಟೆಯನ್ನು ಅವನು ಬಣ್ಣಿಸುವ ರೀತಿಯಲ್ಲಿಯೂ ಹೊರಗೆ ನಿಂತವನ ನೋಟವಿದೆ. ಸುಲ್ತಾನನ ಅರಮನೆಗೆ ಏಳು ಬಾಗಿಲುಗಳಿವೆ, ಬಾಗಿಲುಗಳಲ್ಲಿ ನೂರು ಜನ ಕಾವಲುಗಾರರೂ ನೂರು ಜನ ಹಿಂದೂ ಬರಹಗಾರರೂ ಕುಳಿತಿರುತ್ತಾರೆ, ಕೆಲವರು ಒಳಹೋಗುವವರ ಹೆಸರನ್ನೂ ಕೆಲವರು ಹೊರಬರುವವರ ಹೆಸರನ್ನೂ ಬರೆದುಕೊಳ್ಳುತ್ತಾರೆ, ಪರದೇಶಿಗಳಿಗೆ ಒಳಗೆ ಪ್ರವೇಶವಿಲ್ಲ ಎಂದು ಅವನು ಹೇಳುತ್ತಾನೆ. ಒಳಗೆ ಬಿಡದಿದ್ದರಿಂದಲೇ ಬಾಗಿಲಿನ ಲೆಕ್ಕ ಅವನಿಗೆ ಅಷ್ಟು ಚೆನ್ನಾಗಿ ಸಿಕ್ಕಿತೆಂದು ತೋರುತ್ತದೆ; ರಾಜ್ಯದ ಆಡಳಿತದಲ್ಲಿ ಬರವಣಿಗೆಗೆ ಇದ್ದ ಸ್ಥಾನವನ್ನು, ಆ ಬರಹಗಾರರು ಸ್ಥಳೀಯ ಹಿಂದೂಗಳಾಗಿದ್ದರೆಂಬ ಸಂಗತಿಯನ್ನು ಈ ಒಂದು ಮಾತಿನಿಂದ ತಿಳಿಯಬಹುದು. ರಾತ್ರಿ ಕೊತ್ವಾಲನ, ಎಂದರೆ ನಗರರಕ್ಷಣೆಯ ಅಧಿಕಾರಿಯ, ಸಾವಿರ ಜನ ಸವಾರರು ಕವಚ ತೊಟ್ಟು ಕೈಯಲ್ಲಿ ಪಂಜು ಹಿಡಿದು ಊರನ್ನು ಕಾಯುತ್ತಿದ್ದರು. ಬೀದಿಗಳಲ್ಲಿ ಎರಡು ಮಾರು ಉದ್ದದ ಹಾವುಗಳು ಹರಿದಾಡುತ್ತಿದ್ದವು. ಹಬ್ಬದ ದಿನ ಸುಲ್ತಾನನ ಸವಾರಿ ಹೊರಟಾಗ ಕವಚ ತೊಡಿಸಿದ ಮುನ್ನೂರು ಆನೆಗಳನ್ನು ಕಂಡುದಾಗಿ ಅವನು ಬರೆಯುತ್ತಾನೆ. ಆ ವೈಭವದ ಬಗ್ಗೆ ಬರೆದ ಕೈಯೇ, ನಾಡಿನಲ್ಲಿ ಜನ ಕಿಕ್ಕಿರಿದಿದ್ದಾರೆ, ಹಳ್ಳಿಯವರು ಕಡುಬಡವರು, ಸರದಾರರು ಮಾತ್ರ ಭಾರಿ ಸಿರಿವಂತರು ಎಂದೂ ಬರೆಯಿತು. ಬಹಮನಿ ರಾಜ್ಯದ ಬಗ್ಗೆ ಸಮಕಾಲೀನರು ಹೇಳಿದ ಮಾತುಗಳಲ್ಲಿ ಇದಕ್ಕಿಂತ ಹೆಚ್ಚು ಉಲ್ಲೇಖಕ್ಕೆ ಬಂದುದು ಇನ್ನೊಂದಿಲ್ಲ ಎನ್ನಬಹುದು, ಮತ್ತು ಅದು ಬಂದುದು ಆಸ್ಥಾನದ ಇತಿಹಾಸಕಾರನಿಂದಲ್ಲ.

ಆಗ ಬೀದರಿನಲ್ಲಿ ಆಡಳಿತದ ಸೂತ್ರ ಹಿಡಿದಿದ್ದ ಮಹಮೂದ್ ಗವಾನನೂ ಪರ್ಷಿಯಾದ ಗೀಲಾನಿನಿಂದ ವ್ಯಾಪಾರಿಯಾಗಿ ಬಂದವನೇ. ಅವನಿಗಿದ್ದ ‘ಮಲಿಕ್-ಉತ್-ತುಜ್ಜಾರ್’ ಎಂಬ ಬಿರುದಿಗೆ ವರ್ತಕರ ಒಡೆಯ ಎಂದರ್ಥ, ಅದು ನಿಕಿತಿನನ ಬರಹದಲ್ಲಿ ‘ಮೆಲಿಕ್ ತುಚಾರ್’ ಎಂದಾಗಿದೆ. ಅವನು ಕಟ್ಟಿಸಿದ, 1472ರಲ್ಲಿ ಮುಗಿದ, ಇಂದಿಗೂ ಬೀದರಿನ ಹೆಗ್ಗುರುತಾಗಿರುವ ಮದರಸಾದ ಬಗ್ಗೆ ನಿಕಿತಿನ್ ಏನನ್ನೂ ಹೇಳುವುದಿಲ್ಲ. ಊರು ನೋಡಲು ಬಂದವರಿಗೆ ಇಂದು ಮೊದಲು ತೋರಿಸುವ ಕಟ್ಟಡ ಅವನ ಕಣ್ಣಿಗೆ ಬೀಳಲಿಲ್ಲ. ಇಂದು ಯಾರೂ ತೋರಿಸಲಾರದ ಪಂಜಿನ ಕಾವಲು ಬಿದ್ದಿತು.

ಮುಸಲ್ಮಾನ ವ್ಯಾಪಾರಿಯ ಹೆಸರಿನಲ್ಲಿ ತಿರುಗುತ್ತಿದ್ದ ಅವನು ಬೀದರಿನಲ್ಲಿ ಪರಿಚಯವಾದ ಹಿಂದೂಗಳಿಗೆ ತಾನು ಕ್ರೈಸ್ತನೆಂದೂ ತನ್ನ ನಿಜವಾದ ಹೆಸರು ಅಫನಾಸಿ ಎಂದೂ ತಿಳಿಸಿದ ಮೇಲೆ, ಅವರು ತಮ್ಮ ಊಟ, ವ್ಯಾಪಾರ, ಪೂಜೆಗಳಲ್ಲಿ ಯಾವುದನ್ನೂ ಅವನಿಂದ ಮುಚ್ಚಿಡಲಿಲ್ಲ. ಅವರ ಜೊತೆಯಲ್ಲಿಯೇ ಅವನು ಶಿವರಾತ್ರಿಗೆ ಶ್ರೀಶೈಲಕ್ಕೂ ಹೋಗಿಬಂದನು. ಕುದುರೆಗಳ ದೊಡ್ಡ ಸಂತೆಗಾಗಿ ಆಳಂದದ ಶೇಖ್ ಅಲಾವುದ್ದೀನನ ಉರುಸಿಗೂ ಹೋಗಿದ್ದನು. ಧರ್ಮಗ್ರಂಥಗಳನ್ನು ದರೋಡೆಯಲ್ಲಿ ಕಳೆದುಕೊಂಡಿದ್ದ ಅವನಿಗೆ ಈಸ್ಟರ್ ಹಬ್ಬ ಯಾವ ದಿನ ಬರುತ್ತದೆಂಬುದೂ ತಿಳಿಯದೆ, ಆಕಾಶದಲ್ಲಿ ಕೃತ್ತಿಕೆ ಮತ್ತು ಸಪ್ತರ್ಷಿಗಳ ಸ್ಥಾನವನ್ನು ನೋಡಿ ಅಂದಾಜು ಮಾಡುತ್ತಿದ್ದನು. ಒಬ್ಬಂಟಿ ಪ್ರಯಾಣದ ನಿಜವಾದ ಬೆಲೆ ಇಲ್ಲಿ ಕಾಣುತ್ತದೆ. ಮರಳುವ ದಾರಿಯಲ್ಲಿ ಸ್ಮೋಲೆನ್ಸ್ಕ್ ತಲಪುವ ಮೊದಲೇ ಅವನು ತೀರಿಕೊಂಡನು. ಅವನ ಕೈಬರಹವನ್ನು ವ್ಯಾಪಾರಿಗಳು 1475ರಲ್ಲಿ ಮಾಸ್ಕೋಗೆ ಮುಟ್ಟಿಸಿದರು, ಹತ್ತೊಂಬತ್ತನೆಯ ಶತಮಾನದಲ್ಲಿ ಇತಿಹಾಸಕಾರ ಕರಮ್ಜಿನ್ ಅದನ್ನು ಮಠವೊಂದರ ಗ್ರಂಥಭಂಡಾರದಲ್ಲಿ ಕಂಡುಹಿಡಿಯುವವರೆಗೆ ಅದು ಲೋಕಕ್ಕೆ ತಿಳಿದಿರಲಿಲ್ಲ.

ಎರಡನೆಯವನಾದ ಪಿಯೆತ್ರೊ ಡೆಲ್ಲಾ ವಾಲೆಯ ಪರಿಸ್ಥಿತಿ ಬೇರೆ. 1586ರಲ್ಲಿ ರೋಮಿನ ಸಿರಿವಂತ ಮನೆತನದಲ್ಲಿ ಹುಟ್ಟಿದ ಇವನು 1614ರಲ್ಲಿ ವೆನಿಸ್ಸಿನಿಂದ ಹೊರಟು, ಇಸ್ತಾಂಬುಲ್, ಈಜಿಪ್ಟ್, ಜೆರುಸಲೇಂ, ಬಾಗ್ದಾದ್, ಪರ್ಷಿಯಾಗಳನ್ನು ಸುತ್ತಿ, ಬಾಗ್ದಾದಿನಲ್ಲಿ ಮದುವೆಯಾಗಿದ್ದ ಹೆಂಡತಿ ಮಾನಿಯನ್ನು 1621ರಲ್ಲಿ ಪರ್ಷಿಯಾದ ಕಡಲತೀರದಲ್ಲಿ ಕಳೆದುಕೊಂಡು, ಆಕೆಯ ದೇಹವನ್ನು ಕೆಡದಂತೆ ಸಂಸ್ಕರಿಸಿ ಪೆಟ್ಟಿಗೆಯಲ್ಲಿಟ್ಟು ಜೊತೆಯಲ್ಲಿಯೇ ಒಯ್ಯುತ್ತ, 1623ರಲ್ಲಿ ಸೂರತ್ತಿನ ಮೂಲಕ ಗೋವೆಗೆ ಬಂದಿದ್ದನು. ಅದೇ ವರ್ಷ ಪೋರ್ಚುಗೀಸರು ಕೆಳದಿಯ ನಾಯಕ ವೆಂಕಟಪ್ಪನ ಬಳಿಗೆ, ಅವನ ರಾಜಧಾನಿಯಾದ ಇಕ್ಕೇರಿಗೆ, ಒಂದು ರಾಯಭಾರ ಕಳಿಸಿದಾಗ, ತನಗೆ ಅದರಲ್ಲಿ ಯಾವ ಹುದ್ದೆಯೂ ಇಲ್ಲದಿದ್ದರೂ, ನಾಡನ್ನು ನೋಡುವ ಒಂದೇ ಆಸೆಯಿಂದ ಅವನು ಜೊತೆಗೂಡಿದನು. ಹೊನ್ನಾವರದಿಂದ ದೋಣಿಯಲ್ಲಿ ಶರಾವತಿಯ ಮೇಲಕ್ಕೆ ಸಾಗಿದ ಆ ಪಯಣದಷ್ಟು ಹಿತವಾದ ನದಿಯ ಪಯಣವನ್ನು ತಾನು ಕಂಡಿಲ್ಲವೆಂಬ ಅರ್ಥದ ಮಾತನ್ನು, ಯೂಫ್ರೆಟಿಸ್ ಮತ್ತು ನೈಲ್ ನದಿಗಳನ್ನು ಕಂಡಿದ್ದ ಈ ಪ್ರವಾಸಿ ಬರೆದಿದ್ದಾನೆ. ಕರಿಮೆಣಸಿನ ರಾಣಿಯೆಂದು ಪೋರ್ಚುಗೀಸರು ಕರೆಯುತ್ತಿದ್ದವಳ ರಾಜಧಾನಿಯಾಗಿದ್ದ ಗೇರುಸೊಪ್ಪೆ ಆ ಹೊತ್ತಿಗಾಗಲೇ ಪಾಳುಬಿದ್ದು ಕಾಡು ಬೆಳೆದಿತ್ತು.

ರಾಯಭಾರದ ಪ್ರಯಾಣದಲ್ಲಿ ಕಾಯುವುದು ಹೆಜ್ಜೆ ಹೆಜ್ಜೆಗೂ ಇರುತ್ತದೆ. ಘಟ್ಟವನ್ನು ಏರಿದ ಮೇಲೆ ಸಾಮಾನಿನ ಹೊರೆಗಳನ್ನು ಹೊಂದಿಸುವಷ್ಟು ಹೊತ್ತು ಹನುಮಂತನ ಗುಡಿಯೊಂದರ ಜಗಲಿಯಲ್ಲಿ ಸುಮ್ಮನೆ ಕುಳಿತಿದ್ದಾಗ ಡೆಲ್ಲಾ ವಾಲೆ ನಾಲ್ವರು ಹುಡುಗರನ್ನು ಕಂಡನು. ಅವರಲ್ಲಿ ಒಬ್ಬನು ರಾಗವಾಗಿ ಒಂದು ಲೆಕ್ಕವನ್ನು ಹೇಳುತ್ತ, ನೆಲದ ಮೇಲೆ ಹರಡಿದ್ದ ನುಣುಪಾದ ಮರಳಿನಲ್ಲಿ ಬೆರಳಿನಿಂದ ಅದನ್ನು ಬರೆಯುತ್ತಿದ್ದನು. ಉಳಿದವರು ಅದನ್ನೇ ಹಾಡಿ ಅದನ್ನೇ ಬರೆಯುತ್ತಿದ್ದರು. ನೆಲ ತುಂಬಿದೊಡನೆ ಅಂಗೈಯಿಂದ ಅಳಿಸಿ, ಬೇಕಾದರೆ ಪಕ್ಕದ ಗುಪ್ಪೆಯಿಂದ ಹೊಸ ಮರಳನ್ನು ಉದುರಿಸಿಕೊಳ್ಳುತ್ತಿದ್ದರು. ಗುರುವಿಲ್ಲದೆ ಕಲಿಯುವಾಗ ಮರೆತರೆ ಯಾರು ತಿದ್ದುತ್ತಾರೆ ಎಂದು ಕೇಳಿದ್ದಕ್ಕೆ, ನಾಲ್ವರೂ ಒಟ್ಟಿಗೆ ಒಂದೇ ಕಡೆ ತಡವರಿಸುವುದು ಸಾಧ್ಯವಿಲ್ಲ, ಆದ್ದರಿಂದ ಒಬ್ಬರನ್ನೊಬ್ಬರು ತಿದ್ದಿಕೊಳ್ಳುತ್ತೇವೆ ಎಂಬ ಉತ್ತರ ಬಂತು. ಅವನು ಉದಾಹರಣೆಯಾಗಿ ಕೊಡುವ ಪಾಠ ಒಂದನ್ನು ಒಂದರಿಂದ ಗುಣಿಸಿದರೆ ಒಂದು ಎಂಬಂಥದು. ಕನ್ನಡ ಶಾಲೆಯಲ್ಲಿ ಓದಿದ ಯಾರಿಗಾದರೂ ಅದು ಮಗ್ಗಿಯ ರಾಗವೆಂದು ಕೂಡಲೇ ಕಿವಿಗೆ ತಟ್ಟುತ್ತದೆ. ಮಗ್ಗಿ ಎಂದರೆ ಗುಣಾಕಾರದ ಕೋಷ್ಟಕವನ್ನು ಬಾಯಿಪಾಠಕ್ಕೆ ಒಗ್ಗುವಂತೆ ಲಯಬದ್ಧವಾಗಿ ಹೇಳುವ ಪದ್ಧತಿ. ಇಂಗ್ಲಿಷರ ಶಿಕ್ಷಣ ಪದ್ಧತಿ ಬರುವುದಕ್ಕೆ ಎರಡು ಶತಮಾನಗಳ ಮೊದಲು ಮಲೆನಾಡಿನ ಹಳ್ಳಿಯ ಮಕ್ಕಳು ಹೇಗೆ ಕಲಿಯುತ್ತಿದ್ದರೆಂಬುದಕ್ಕೆ ಕಣ್ಣಾರೆ ಕಂಡ ಇಷ್ಟು ಸ್ಪಷ್ಟವಾದ ಸಾಕ್ಷ್ಯ ಅಪರೂಪವಾದುದು, ಮತ್ತು ಅದು ಉಳಿದುದು ಹೊರೆ ಕಟ್ಟುವುದು ತಡವಾದುದರಿಂದ.

ಇಕ್ಕೇರಿಯನ್ನು ಅವರು ನವೆಂಬರ್ ತಿಂಗಳ ಮೊದಲ ಭಾಗದಲ್ಲಿ ತಲಪಿದರು. ಬಯಲಿನಲ್ಲಿದ್ದ ಆ ನಗರಕ್ಕೆ ಮೂರು ಸುತ್ತಿನ ಆವರಣವಿದ್ದು, ಹೊರಗಿನ ಎರಡು ಸುತ್ತುಗಳಲ್ಲಿ ಕಲ್ಲಿನ ಗೋಡೆಗೆ ಬದಲಾಗಿ ಒತ್ತಾಗಿ ಬೆಳೆಸಿದ ಎತ್ತರದ ಬಿದಿರೇ ಕೋಟೆಯಾಗಿತ್ತು. ಮುಳ್ಳುಬಿದಿರಿನ ದಟ್ಟ ಮೆಳೆಯೊಳಗೆ ಕುದುರೆಯಾಗಲಿ ಕಾಲಾಳಾಗಲಿ ನುಗ್ಗುವುದು ಎಷ್ಟು ಕಷ್ಟವೆಂಬುದನ್ನು ದಾಂಡೇಲಿ, ಜೋಯಿಡಾ ಭಾಗದ ಜನರಿಗೆ ವಿವರಿಸಬೇಕಾಗಿಲ್ಲ. 1950ರ ದಶಕದ ಕೊನೆಯಲ್ಲಿ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ನೆಲೆಯೂರಿದ್ದು ಅದೇ ಬಿದಿರನ್ನು ನೆಚ್ಚಿಕೊಂಡು. ಬೆಂಕಿಗೆ ಬೇಗ ಬೀಳದ, ಕಡಿದಷ್ಟೂ ಚಿಗುರುವ ಈ ಜೀವಂತ ಕೋಟೆಯ ಒಳಗೆ ಊರು ಬಹಳ ವಿಸ್ತಾರವಾಗಿತ್ತಾದರೂ ಮನೆಗಳು ವಿರಳವಾಗಿದ್ದವು, ಹೆಚ್ಚಿನವು ಸಾಧಾರಣವಾಗಿದ್ದವು. ಉದ್ದನೆಯ ಬೀದಿಗಳು, ನಡುನಡುವೆ ಕೆರೆಗಳು, ಹೊಲಗಳು, ತೋಪುಗಳು ಬೆರೆತುಕೊಂಡಿದ್ದು, ನಗರವೂ ನೀರೂ ಕಾಡೂ ಕೃಷಿಯೂ ಒಂದರೊಳಗೊಂದು ಸೇರಿದಂತೆ ಅದು ಕಾಣುತ್ತಿತ್ತೆಂದು ಅವನು ಬರೆಯುತ್ತಾನೆ. ರೋಮಿನಿಂದ ಬಂದವನಿಗೆ ಇದು ಕೊರತೆಯಾಗಿ ಕಂಡಿರಬಹುದು. ಮಲೆನಾಡಿನ ರಾಜಧಾನಿಯೊಂದರ ಸ್ವರೂಪವನ್ನು ಇದಕ್ಕಿಂತ ಸರಿಯಾಗಿ ಹೇಳಿದ ಬೇರೆ ಬರಹ ಸಿಗುವುದು ಕಷ್ಟ.

ರಾಯಭಾರಿಯ ಕೆಲಸ ಮೆಣಸಿನ ವ್ಯಾಪಾರಕ್ಕೂ, ವೆಂಕಟಪ್ಪ ನಾಯಕನು ಸೋಲಿಸಿ ಓಡಿಸಿದ್ದ ಕರಾವಳಿಯ ಅರಸು ಬಂಗರಸನ ವಿಚಾರಕ್ಕೂ ಸಂಬಂಧಿಸಿದುದಾಗಿದ್ದು, ಅದು ನಿಧಾನವಾಗಿ ನಡೆಯಿತು. ಹುದ್ದೆಯಿಲ್ಲದ ಡೆಲ್ಲಾ ವಾಲೆಗೆ ಆ ದಿನಗಳೆಲ್ಲ ಬಿಡುವು. ಬೀದಿಯಲ್ಲಿ ನಡೆಯುತ್ತಿದ್ದಾಗ ಅವನಿಗೆ ಚೆನ್ನಾಗಿ ಉಟ್ಟು, ತಲೆಗೆ ಹಳದಿ ಬಿಳಿ ಹೂಗಳಿಂದ ಕಿರೀಟದಂತೆ ಎತ್ತರವಾಗಿ ಮುಡಿದ ಹುಡುಗಿಯರ ಗುಂಪುಗಳು ಎದುರಾದವು. ಪ್ರತಿಯೊಬ್ಬಳ ಎರಡು ಕೈಗಳಲ್ಲಿಯೂ ಗೇಣುದ್ದದ ಬಣ್ಣದ ಕೋಲುಗಳಿದ್ದವು. ಮದ್ದಳೆಯ ತಾಳಕ್ಕೆ ಅವನ್ನು ಬಡಿಯುತ್ತ, ಒಬ್ಬಳು ಹಾಡಿನ ಒಂದು ಸಾಲನ್ನು ಹೇಳಿದರೆ ಉಳಿದವರೆಲ್ಲ ಏಳೆಂಟು ಸಲ ಒಂದೇ ಪದವನ್ನು ಮರುನುಡಿಯುತ್ತಿದ್ದರು. ಆ ಪದವನ್ನು ಅವನು ಇಟಾಲಿಯನ್ ಲಿಪಿಯಲ್ಲಿ ‘ಕೋಲೆ, ಕೋಲೆ’ ಎಂದು ಬರೆದುಕೊಂಡನು. ಅದರ ಅರ್ಥ ಅವನಿಗೆ ತಿಳಿಯಲಿಲ್ಲ. ಸಂತೋಷದ ಉದ್ಗಾರವಿರಬೇಕೆಂದು ಭಾವಿಸಿದನು. ಮೂರು ದಿನ ನಡೆಯುವ ಅದು ಮಹಾದೇವನ ಹೆಂಡತಿಯಾದ ಗೌರಿಯ ಹಬ್ಬ, ಹಾಗಾಗಿ ಹುಡುಗಿಯರೇ ಅದನ್ನು ಆಚರಿಸುತ್ತಾರೆ ಎಂಬುದನ್ನು ವಿಚಾರಿಸಿ ತಿಳಿದುಕೊಂಡನು.

ಈ ಪ್ರಸಂಗದ ಬಗ್ಗೆ ಇನ್ನಷ್ಟು ಹೇಳುವುದು ಅವಶ್ಯ. ಕೋಲಾಟವು ಕನ್ನಡ ನಾಡಿನ ಎಲ್ಲ ಭಾಗಗಳಲ್ಲಿಯೂ ಇರುವ ಕಲೆ, ‘ಕೋಲೆ’ ಎಂಬುದು ಇಂದಿಗೂ ಜನಪದ ಹಾಡುಗಳ ಪಲ್ಲವಿಯಲ್ಲಿ ಮತ್ತೆ ಮತ್ತೆ ಬರುವ ಪದ. ಹಾಡಿನ ಪಲ್ಲವಿಗೆ ಶಾಸನವಿರುವುದಿಲ್ಲ, ಅದರ ವಯಸ್ಸನ್ನು ಸಾಮಾನ್ಯವಾಗಿ ಯಾರೂ ಹೇಳಲಾರರು. ಅರ್ಥ ತಿಳಿಯದ ಪರದೇಶಿಯೊಬ್ಬ ಕಿವಿಗೆ ಬಿದ್ದಂತೆ ಬರೆದುಕೊಂಡ ಎರಡು ಅಕ್ಷರಗಳಿಂದ, 1623ರ ಒಂದು ಸಂಜೆ ಇಕ್ಕೇರಿಯ ಬೀದಿಯಲ್ಲಿ ಅದು ಕೇಳಿಬರುತ್ತಿತ್ತೆಂಬುದು ಖಚಿತವಾಗುತ್ತದೆ. ಭಾದ್ರಪದದ ಗೌರಿಯನ್ನು ಮಾತ್ರ ಬಲ್ಲ ಓದುಗರಿಗೆ ನವೆಂಬರಿನಲ್ಲಿ ಗೌರಿಹಬ್ಬವೆಲ್ಲಿಂದ ಬಂತೆಂಬ ಸಂಶಯ ಹುಟ್ಟಬಹುದು. ಆದರೆ ಧಾರವಾಡ ಸೀಮೆಯಲ್ಲಿ ಕಾರ್ತಿಕ ಮಾಸದ ಹುಣ್ಣಿಮೆಗೆ ಗೌರಿ ಹುಣ್ಣಿಮೆಯೆಂದೇ ಹೆಸರು. ಡೆಲ್ಲಾ ವಾಲೆ ಹೇಳುವ ಕಾಲ ಅದರೊಂದಿಗೆ ಹೊಂದುತ್ತದೆ.

ಇಕ್ಕೇರಿಯಲ್ಲಿಯೇ ಒಂದು ರಾತ್ರಿ ಬಿಡಾರಕ್ಕೆ ಮರಳುವಾಗ ಎದುರಾದ ದೃಶ್ಯ ಬೇರೆ ಬಗೆಯದು. ಗಂಡನನ್ನು ಕಳೆದುಕೊಂಡು ಸಹಗಮನಕ್ಕೆ, ಎಂದರೆ ಚಿತೆಯೇರಿ ಪ್ರಾಣ ಬಿಡುವುದಕ್ಕೆ, ನಿರ್ಧರಿಸಿದ್ದ ಹೆಂಗಸೊಬ್ಬಳು ಕುದುರೆಯ ಮೇಲೆ ಕುಳಿತು, ಒಂದು ಕೈಯಲ್ಲಿ ಕನ್ನಡಿಯನ್ನೂ ಇನ್ನೊಂದು ಕೈಯಲ್ಲಿ ನಿಂಬೆಹಣ್ಣನ್ನೂ ಹಿಡಿದು, ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತ ಹಾಡುತ್ತ, ವಾದ್ಯಗಳೊಂದಿಗೆ ಊರಿನ ಬೀದಿಗಳಲ್ಲಿ ಮೆರವಣಿಗೆ ಹೋಗುತ್ತಿದ್ದಳು. ಸಹಗಮನ ಮಾಡಿದ ಹೆಂಗಸರ ನೆನಪಿಗೆ ನೆಡುತ್ತಿದ್ದ ಮಾಸ್ತಿಕಲ್ಲುಗಳು ಕರ್ನಾಟಕದ ಊರೂರುಗಳಲ್ಲಿವೆ. ಬಳೆ ತೊಟ್ಟ, ಮೇಲೆತ್ತಿದ ತೋಳು, ಬೆರಳುಗಳ ನಡುವೆ ಒಂದು ನಿಂಬೆಹಣ್ಣು, ಇವು ಆ ಕಲ್ಲುಗಳ ಸಾಮಾನ್ಯ ಗುರುತು. ಕಲ್ಲಿನಲ್ಲಿ ಸಂಕೇತವಾಗಿ ನಿಂತದ್ದನ್ನು ಜೀವಂತವಾಗಿ ಕಂಡು ಬರೆದ ಬರಹ ಇದು. ಡೆಲ್ಲಾ ವಾಲೆ ಅಷ್ಟಕ್ಕೆ ಸುಮ್ಮನಾಗದೆ ಆಕೆಯ ಮನೆಯನ್ನು ಹುಡುಕಿಕೊಂಡು ಹೋಗಿ ದುಭಾಷಿಯ ಮೂಲಕ ಮಾತನಾಡಿಸಿದನು. ಆಕೆಯ ಹೆಸರನ್ನು ಅವನು ಬರೆದಿರುವ ರೀತಿಯಿಂದ ಅದು ಜಕ್ಕಮ್ಮ ಎಂದಿರಬೇಕೆಂದು ತಿಳಿಯುತ್ತದೆ. ಗಂಡ ಮದ್ದಳೆ ಬಾರಿಸುವವನಾಗಿದ್ದ, ತೆಲುಗರ ಮನೆತನ, ಗಂಡನಿಗೆ ಬೇರೆ ಹೆಂಡಂದಿರೂ ಇದ್ದು ಅವರು ಈ ನಿರ್ಧಾರಕ್ಕೆ ಬಂದಿರಲಿಲ್ಲ. ಚಿಕ್ಕ ಮಕ್ಕಳನ್ನು ಬಿಟ್ಟು ಹೋಗುವುದು ಹೇಗೆಂದು ಅವನು ಕೇಳಿದನು, ಬೇಡವೆಂದು ಒಪ್ಪಿಸಲು ಪ್ರಯತ್ನಿಸಿದನು. ತನ್ನ ಇಷ್ಟದಿಂದಲೇ ಹೋಗುತ್ತಿರುವೆನೆಂದು ಆಕೆ ಹೇಳಿದಳು. ಹಾಗಾದರೆ ಆಕೆಯ ಹೆಸರು ಲೋಕದಲ್ಲಿ ಉಳಿಯುವಂತೆ ಬರೆಯುವೆನೆಂದು ಅವನು ಮಾತು ಕೊಟ್ಟನು. ಆ ಸಾವಿನಲ್ಲಿ ಹಿರಿಮೆಯನ್ನು ಕಾಣಲು ಇಂದಿನ ಯಾವ ಓದುಗರಿಗೂ ಕಾರಣವಿಲ್ಲ. ಆದರೆ ಹೆಸರಿಲ್ಲದ ಸಾವಿರಾರು ಮಾಸ್ತಿಕಲ್ಲುಗಳ ನಡುವೆ ಒಬ್ಬ ಹೆಂಗಸಿನ ಹೆಸರು, ಮನೆತನ, ಆಡಿದ ಮಾತು ಉಳಿದಿವೆ ಎಂಬುದು ಸಣ್ಣ ವಿಷಯವಲ್ಲ.

ಇಕ್ಕೇರಿಯಿಂದ ಅವನು ರಾಯಭಾರಿಯನ್ನು ಬಿಟ್ಟು ತನ್ನದೇ ದಾರಿ ಹಿಡಿದು, ಕೊಲ್ಲೂರು, ಬಸರೂರುಗಳ ಮೂಲಕ ಮಂಗಳೂರಿಗೆ ಹೋದನು. ಉಳ್ಳಾಲದ ರಾಣಿಯನ್ನು ಕಾಣಬೇಕೆಂದು ಹೋದಾಗ ಆಕೆ ಸಿಕ್ಕಿದ್ದು ಅರಮನೆಯಲ್ಲಲ್ಲ. ಕಾಲುವೆಯ ಕೆಲಸ ನೋಡಲು ಬರಿಗಾಲಿನಲ್ಲಿ ನಡೆದು ಬರುತ್ತಿದ್ದ ಆಕೆ, ದಾರಿಯಲ್ಲಿಯೇ ನಿಂತು ಇವನನ್ನು ಮಾತನಾಡಿಸಿದಳು. ಕದ್ರಿಯಲ್ಲಿ ಜೋಗಿಗಳ ಅರಸನನ್ನೂ ಅವನು ಹೀಗೆಯೇ ಕಂಡನು. ಇವೆಲ್ಲವನ್ನೂ ನೇಪಲ್ಸಿನ ವೈದ್ಯಮಿತ್ರ ಮಾರಿಯೊ ಸ್ಕಿಪಾನೊಗೆ ಬರೆದ ಪತ್ರಗಳಲ್ಲಿ ದಿನಾಂಕದೊಂದಿಗೆ ದಾಖಲಿಸಿದನು. ಅವನು 1652ರಲ್ಲಿ ತೀರಿಕೊಂಡ ಮೇಲೆ, 1663ರಲ್ಲಿ, ಭಾರತದ ಪತ್ರಗಳು ಅಚ್ಚಾದವು.

ಈ ಇಬ್ಬರ ಬರಹಗಳಲ್ಲಿ ದೋಷಗಳಿಲ್ಲವೆಂದಲ್ಲ. ಕಂಡದ್ದನ್ನು ಹೇಳುವಾಗ ನಿಕಿತಿನ್ ಎಷ್ಟು ನಂಬಲರ್ಹನೋ ಕೇಳಿದ್ದನ್ನು ಹೇಳುವಾಗ ಅಷ್ಟೇ ಅನುಮಾನಕ್ಕೆ ಎಡೆ ಕೊಡುತ್ತಾನೆ: ಕೋತಿಗಳಿಗೆ ಒಬ್ಬ ರಾಜನೂ ಸೈನ್ಯವೂ ಇದೆ, ಗೂಬೆ ಯಾರ ಮನೆಯ ಮೇಲೆ ಕೂರುತ್ತದೋ ಅಲ್ಲಿ ಸಾವು ಬರುತ್ತದೆ ಎಂಬ ಮಾತುಗಳು ಅವನಲ್ಲಿ ಪಂಜಿನ ಕಾವಲಿನ ಪಕ್ಕದಲ್ಲಿಯೇ ಬರುತ್ತವೆ. ಡೆಲ್ಲಾ ವಾಲೆ ತನ್ನ ಮತದ ಅಳತೆಗೋಲನ್ನು ಕೆಳಗಿಡುವುದೇ ಇಲ್ಲ. ಯೋಜನೆಯಿಲ್ಲದ ಪ್ರವಾಸಿಗೆ ಸಿಕ್ಕಿದವರೇ ಮಾರ್ಗದರ್ಶಕರಾಗುವುದರಿಂದ ಈ ಅಪಾಯ ಆ ಬಗೆಯ ಬರಹಕ್ಕೆ ಅಂಟಿಕೊಂಡೇ ಬರುತ್ತದೆ. 1443ರಲ್ಲಿ ಹೆರಾತಿನ ಸುಲ್ತಾನ ಶಾರುಖನ ದೂತನಾಗಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕನಂಥ ಅಧಿಕೃತ ಅತಿಥಿಯ ಬರಹ ಹೆಚ್ಚು ಕ್ರಮಬದ್ಧವಾಗಿದೆ, ಅದಕ್ಕೆ ಅದರದೇ ಆದ ಬೆಲೆಯೂ ಇದೆ. ಇನ್ನೊಂದು ಮಿತಿಯನ್ನೂ ಮರೆಯುವಂತಿಲ್ಲ: ಹೀಗೆ ಬೀದಿಬೀದಿ ಅಲೆಯುವ ಅವಕಾಶವಿದ್ದುದು ಗಂಡಸರಿಗೆ. ಡೆಲ್ಲಾ ವಾಲೆಯ ಆಶ್ರಯದಲ್ಲಿ ಬೆಳೆಯುತ್ತಿದ್ದ ಜಾರ್ಜಿಯಾದ ಹುಡುಗಿ ಮಾರಿಯುಚ್ಚಾ ಇಕ್ಕೇರಿಯನ್ನು ಹೇಗೆ ಕಾಣುತ್ತಿದ್ದಳೆಂಬುದು ಯಾರಿಗೂ ತಿಳಿಯುವಂತಿಲ್ಲ.

ಡೆಲ್ಲಾ ವಾಲೆ ದೋಣಿ ಹತ್ತಿದ ಹೊನ್ನಾವರದಲ್ಲಿಯೇ ಹುಟ್ಟಿದ ವಿಜ್ಞಾನಿ ಲೇಖಕ ಕೃಷ್ಣಾನಂದ ಕಾಮತರು, ಮೂರು ಶತಮಾನಗಳ ತರುವಾಯ ಉನ್ನತ ವ್ಯಾಸಂಗಕ್ಕಾಗಿ ಅಮೆರಿಕಕ್ಕೆ ಹೋಗಿ, ‘ನಾನೂ ಅಮೇರಿಕೆಗೆ ಹೋಗಿದ್ದೆ’ ಎಂಬ ಪುಸ್ತಕವನ್ನು ಬರೆದರು. ದಾರಿ ಆಗ ತಿರುಗಿತ್ತು. ಪರನಾಡನ್ನು ಒಬ್ಬಂಟಿಯಾಗಿ ನೋಡುವ ಕಣ್ಣು ಈ ಸಲ ಕನ್ನಡಿಗರದಾಗಿತ್ತು.

ಇಂದು ಉತ್ತರ ಕನ್ನಡಕ್ಕೆ ಬರುವ ಒಬ್ಬಂಟಿ ಪರದೇಶಿಗೆ ಆ ಇಬ್ಬರಿಗಿದ್ದ ಸ್ವಾತಂತ್ರ್ಯವಿಲ್ಲ. 1966ರಲ್ಲಿ ಆರಂಭವಾದ ಮುಂಡಗೋಡದ ಟಿಬೆಟನ್ ನೆಲೆಯಲ್ಲಿ ತಂಗಬೇಕಾದರೆ ವಿದೇಶೀಯರು ಸರ್ಕಾರದಿಂದ ಮೊದಲೇ ಅನುಮತಿ ಪಡೆದಿರಬೇಕು. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡಿನಲ್ಲಿ ಯಾರೂ ಮನಬಂದಂತೆ ನಡೆಯುವಂತಿಲ್ಲ. ಹುಲಿಗೂ ಕಾಡಿಗೂ ಆ ಕಟ್ಟುಪಾಡು ಬೇಕು. ಆದರೆ ದಾಂಡೇಲಿಯ ಪೇಟೆಗೆ, ಹಳಿಯಾಳದ ಸಂತೆಗೆ, ಮೌಳಂಗಿಯ ಹೊಳೆದಂಡೆಗೆ ಯಾವ ಪರವಾನಗಿಯೂ ಬೇಡ. ಕಾಗದದ ಕಾರ್ಖಾನೆಯ ಕೆಲಸಕ್ಕೆಂದು ದೇಶದ ನಾನಾ ಕಡೆಗಳಿಂದ ಬಂದವರ ಭಾಷೆಗಳು, ಆಫ್ರಿಕಾ ಮೂಲದ ಸಿದ್ದಿಗಳ, ಕುಣಬಿಗಳ, ಗೌಳಿಗಳ ಬದುಕು ಇವೆಲ್ಲ ಮೌಳಂಗಿಯಿಂದ ಕೆಲವೇ ಗಂಟೆಗಳ ದಾರಿಯೊಳಗಿವೆ, ಮತ್ತು ಇವುಗಳಲ್ಲಿ ಹೆಚ್ಚಿನದನ್ನು ಬರೆದಿಟ್ಟವರು ಕಡಿಮೆ.

ಪರದೇಶಿಗಳು ಕಂಡ ಈ ನಾಡನ್ನು ಕನ್ನಡದಲ್ಲಿಯೇ ಓದಬಯಸುವವರಿಗೆ ಎಚ್. ಎಲ್. ನಾಗೇಗೌಡರು ಸಿದ್ಧಪಡಿಸಿದ ‘ಪ್ರವಾಸಿ ಕಂಡ ಇಂಡಿಯಾ’ ಸಂಪುಟಗಳಿವೆ. ಜಿಲ್ಲೆಯ ತಾಲ್ಲೂಕು ಗ್ರಂಥಾಲಯಗಳೂ ಶಾಲೆಗಳೂ ಅವನ್ನು ತರಿಸಿಟ್ಟು ಮಕ್ಕಳ ಕೈಗೆ ಕೊಡಬೇಕು. ಕಾರ್ತಿಕ ಮಾಸದಲ್ಲಿ ಮೌಳಂಗಿಗೆ ಬರುವವರು ಹುಣ್ಣಿಮೆಯ ಒಂದು ಸಂಜೆಯನ್ನು ಯಾವ ಕಾರ್ಯಕ್ರಮಕ್ಕೂ ಕೊಡದೆ ಖಾಲಿ ಉಳಿಸಿಕೊಂಡು, ಹಳಿಯಾಳದ ದಾರಿ ಹಿಡಿದು ಧಾರವಾಡ ಸೀಮೆಯ ಯಾವುದಾದರೂ ಹಳ್ಳಿಗೆ ಹೋಗಲಿ. ಗೌರಿಗೆಂದು ಸಕ್ಕರೆ ಆರತಿ ಹಿಡಿದು ಹುಡುಗಿಯರು ಹಾಡುತ್ತ ಹೋಗುವುದು ಅಲ್ಲಿ ಈಗಲೂ ಇದೆ.